ಸೊನ್ನೆಗೆ ಇಳಿಸದ ರೆಂಚು

ಟಕ್.

ಊಟದ ಬಿಡುವಿನ ಖಾಲಿ ವರ್ಕ್‌ಶಾಪಿನಲ್ಲಿ ಆ ಸದ್ದು ಸಣ್ಣದಾಗಿಯೇ ಆಯಿತು, ಒಣಕಡ್ಡಿ ಮುರಿದ ಹಾಗೆ. ಬಕೆಟ್ಟಿಗೆ ಹಾಕಬೇಕೆಂದು ಎತ್ತಿಕೊಂಡಿದ್ದ ಕಬ್ಬಿಣದ ತುಂಡು ಬಿಲ್ಲೆ ಅಕ್ಕನ ಕೈಯಲ್ಲೇ ಉಳಿಯಿತು. ಅವಳು ಬಕೆಟ್ಟನ್ನು ರೆಂಚಿನ ತುದಿಯ ಹಗ್ಗದಿಂದ ಬಿಚ್ಚಿ ತಕ್ಕಡಿಯ ಮೇಲಿಟ್ಟು ಮುಳ್ಳು ನೋಡಿದಳು. ಹದಿಮೂರು ಕಿಲೋ. ಬಕೆಟ್ಟು ಖಾಲಿ ಮಾಡಿ ಮತ್ತೆ ಮೊದಲಿನಿಂದ ತುಂಬಿದಳು. ಮತ್ತೆ ಹದಿಮೂರು. ಮೂರನೆಯ ಸಲ ಹದಿಮೂರಕ್ಕೂ ಒಂದಿಷ್ಟು ಮೊದಲೇ ಟಕ್ ಅಂದಿತು.

ಹದಿನೆಂಟಕ್ಕೆ ಅನ್ನಬೇಕಿತ್ತು.

ಬೆಂಚಿಗೆ ಜೋಡಿಸಿದ ವೈಸ್‌ನ ದವಡೆಯಲ್ಲಿ ಕಚ್ಚಿಸಿದ ಬೋಲ್ಟಿಗೆ ಆ ಟಾರ್ಕ್ ರೆಂಚು ಅಡ್ಡಕ್ಕೆ ಚಾಚಿಕೊಂಡಿತ್ತು. ಅರ್ಧ ಮೀಟರು ಉದ್ದದ ಉಕ್ಕಿನ ತೋಳು. ಅದರ ಹಿಡಿಕೆ ತಿರುಗಿಸಿ ಒಂದು ಅಂಕಿಗೆ ತಂದು ನಿಲ್ಲಿಸಿದರೆ, ನಟ್ಟು ಅಷ್ಟು ಬಿಗಿಯಾದ ಕ್ಷಣ ಟಕ್ ಎಂದು ಹೇಳುವುದು ಅದರ ಕೆಲಸ. ಹೇಳಿದ ಮೇಲೆ ಕೈ ಬಿಡಬೇಕು. ತೊಂಬತ್ತಕ್ಕೆ ಇಟ್ಟರೆ, ತುದಿಗೆ ಹದಿನೆಂಟು ಕಿಲೋ ತೂಗಿದಾಗ ಹೇಳಬೇಕು. ಹದಿಮೂರಕ್ಕೇ ಹೇಳಿತೆಂದರೆ, ನಟ್ಟು ಇನ್ನೂ ಸಡಿಲವಾಗಿರುವಾಗಲೇ ಬಿಗಿಯಾಯಿತು ಎಂದಿತೆಂದು ಅರ್ಥ.

ಅವಳು ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೂರು ವಾರದಿಂದ ಯಾವುದನ್ನು ತೂಗಿ ನೋಡದೆ ದಿನ ದೂಡಿದ್ದಳೋ ಅದನ್ನು ಈಗ ತೂಗಿ ಆಗಿತ್ತು.

ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ಅವಳದು ಇಪ್ಪತ್ತನಾಲ್ಕು ವರ್ಷದ ಕೆಲಸ. ಮೊದಲ ಆರು ವರ್ಷ ಲೇತ್‌ಗಳ ಕೆಳಗಿನ ಕಬ್ಬಿಣದ ಸುರುಳಿಗಳನ್ನು ಗುಡಿಸಿದವಳು. ಆಗಿನ ಟೂಲ್ ರೂಮಿನ ಮುದುಕನಿಗೆ ಕಣ್ಣು ಮಂಜಾಗತೊಡಗಿದಾಗ, ಸ್ಪ್ಯಾನರುಗಳ ಮೇಲಿನ ಅಂಕಿ ಓದಿ ಹೇಳುವುದಕ್ಕೆ ಅವಳನ್ನು ಕರೆಯುತ್ತಿದ್ದ. ಓದಿ ಹೇಳುತ್ತ ಹೇಳುತ್ತ ಅವಳಿಗೆ ಇಡೀ ಕೋಣೆ ಬಾಯಿಪಾಠವಾಯಿತು. ಅವನು ನಿವೃತ್ತನಾದ ದಿನ ಬೀಗದ ಕೈಯನ್ನು ಮೇಲಿನವರಿಗೆ ಕೊಡದೆ ನೇರ ಅವಳ ಕೈಗಿಟ್ಟು ಹೋದ. ಬೇರೆಯವರನ್ನು ಹುಡುಕುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಪೊರಕೆ ಗೋಡೆಗೆ ಒರಗಿತು, ಅವಳು ಕಿಟಕಿಯ ಹಿಂದೆ ಕೂತಳು.

ಗೋಡೆ ತುಂಬ ಮೊಳೆಗಳು. ಪ್ರತಿ ಮೊಳೆಗೆ ಒಂದು ಉಪಕರಣ, ಅದರ ಹಿಂದೆ ಬಿಳಿ ಬಣ್ಣದಲ್ಲಿ ಅದರದೇ ಆಕಾರದ ನೆರಳು. ಪ್ರತಿ ವಿದ್ಯಾರ್ಥಿಗೆ ಐದು ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಅವನ ಅಂಕಿ. ಬಿಲ್ಲೆ ಕೊಟ್ಟರೆ ಉಪಕರಣ. ಉಪಕರಣ ಹೋದ ಮೊಳೆಗೆ ಬಿಲ್ಲೆ. ಬಿಲ್ಲೆಯಿಲ್ಲದೆ ಬಂದವರು ವಿಭಾಗದ ಮುಖ್ಯಸ್ಥರೇ ಆದರೂ ಬರಿಗೈಲಿ ವಾಪಸು. ಒಬ್ಬ ಹುಡುಗ ಒಮ್ಮೆ ಬೂಟು ಬಿಚ್ಚಿ ಕಿಟಕಿಯಲ್ಲಿಟ್ಟು, ಬಿಲ್ಲೆ ಮರೆತೆ ಅಕ್ಕ, ಇದನ್ನಿಟ್ಕೊಳ್ಳಿ ಎಂದಿದ್ದ. ತಗೊಂಡು ಹೋಗಪ್ಪ, ಇದರ ವಾಸನೆಗೆ ನನ್ನ ಸ್ಪ್ಯಾನರೆಲ್ಲ ತುಕ್ಕು ಹಿಡೀತವೆ ಎಂದು ಅವಳು ಅದನ್ನು ಇಕ್ಕಳದಲ್ಲಿ ಎತ್ತಿ ಕೊಟ್ಟಿದ್ದಳು. ಅಂದಿನಿಂದ ಅವಳು ಬಿಲ್ಲೆ ಅಕ್ಕ.

ಮುದುಕ ಕಲಿಸಿದ್ದರಲ್ಲಿ ಒಂದನ್ನು ಅವಳು ಯಾರಿಗೂ ಸಡಿಲ ಬಿಟ್ಟವಳಲ್ಲ. ಟಾರ್ಕ್ ರೆಂಚನ್ನು ಮೊಳೆಗೆ ಹಾಕುವ ಮೊದಲು ಹಿಡಿಕೆ ತಿರುಗಿಸಿ ಸೊನ್ನೆಗೆ ಇಳಿಸಬೇಕು. ಒಳಗಿನ ಸ್ಪ್ರಿಂಗು ಒತ್ತಿಕೊಂಡೇ ಇದ್ದರೆ ಸೋತುಹೋಗುತ್ತದೆ. ಸೋತ ಸ್ಪ್ರಿಂಗು ಬೇಗ ಬೇಗ ಟಕ್ ಅನ್ನುತ್ತದೆ. ಹಾಗೆ ಎಲ್ಲಾದರೂ ಒತ್ತಿಕೊಂಡು ಉಳಿದ ರೆಂಚು ಸಿಕ್ಕಿದರೆ ಅದಕ್ಕೆ ಕೆಂಪು ಚೀಟಿ ಕಟ್ಟಿ ಅಳತೆ ಪರೀಕ್ಷಿಸುವ ಲ್ಯಾಬಿಗೆ ಕಳಿಸಬೇಕು. ಅಲ್ಲಿಯವರು ತೂಗಿ ನೋಡಿ ಸರಿ ಎಂದ ಮೇಲೇ ಅದು ಮತ್ತೆ ಮೊಳೆಗೆ ಬರಬೇಕು. ಲ್ಯಾಬಿನವರು ಹದಿನೈದು ದಿನ ತೆಗೆದುಕೊಳ್ಳುತ್ತಿದ್ದರು.

ಪ್ರತಿ ವರ್ಷ ಮೂರನೆಯ, ನಾಲ್ಕನೆಯ ವರ್ಷದ ಹತ್ತು ಹನ್ನೆರಡು ಮಂದಿ ಸೇರಿ ಒಂದು ಪುಟ್ಟ ರೇಸ್ ಕಾರು ಕಟ್ಟಿ, ಬೇರೆ ಕಾಲೇಜುಗಳ ಕಾರುಗಳ ಜೊತೆ ಓಡಿಸಲು ಒಯ್ಯುತ್ತಿದ್ದರು. ಕಾರು ಅಂದರೆ ಪೈಪಿನ ಪಂಜರ, ಬೈಕಿನ ಎಂಜಿನ್, ನಾಲ್ಕು ಚಿಕ್ಕ ಚಕ್ರ, ನೆಲಕ್ಕೆ ಒಂದು ಗೇಣಿನ ಮೇಲೆ ಅರ್ಧ ಮಲಗಿದಂತೆ ಕೂರುವ ಒಂದು ಸೀಟು. ಈ ವರ್ಷ ಅವರ ನಾಯಕನಾಗಿದ್ದವನು ಬಸ್ ಡ್ರೈವರೊಬ್ಬರ ಮಗ. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು, ಮೊದಮೊದಲು ತಮಾಷೆಗೆ, ಆಮೇಲೆ ಹಾಗೇ. ಓಡಿಸುವವಳು ಮಾತ್ರ ಎರಡನೆಯ ವರ್ಷದ ಹುಡುಗಿ, ನಲವತ್ತಮೂರು ಕಿಲೋ. ಇರುವೆ ಎಂದು ಕರೆಯುತ್ತಿದ್ದರು. ಅವಳನ್ನು ಕೂರಿಸಿದ್ದು ಕಾರಿಗೆ ಗೊತ್ತೇ ಆಗುವುದಿಲ್ಲ ಎಂದು ಹುಡುಗರು ರೇಗಿಸಿದರೆ, ನಿಮ್ಮನ್ನು ಕೂರಿಸಿದರೆ ಕಾರು ಎದ್ದೇಳುವುದಿಲ್ಲ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಕ್ಯಾಪ್ಟನ್ ಅಚ್ಚುಕಟ್ಟಿನ ಹುಡುಗ. ಚಕ್ರದ ನಟ್ಟುಗಳನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಒಂದೊಂದನ್ನೂ ಟಕ್ ಎನ್ನುವವರೆಗೆ ಬಿಗಿದು, ಮೇಲೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ.

ಈ ವರ್ಷದ ಕಾರಿನ ಪಂಜರ ಅರ್ಧ ಆಗಿದ್ದಾಗ ಬಿಲ್ಲೆ ಅಕ್ಕನ ತಂಗಿ ಬೇರೊಂದು ಊರಿನ ಆಸ್ಪತ್ರೆ ಸೇರಿದಳು. ಅವಳು ಬೀಗದ ಕೈಯನ್ನು ವರ್ಕ್‌ಶಾಪಿನ ಫೋರ್ಮನ್‌ಗೆ ಕೊಟ್ಟು ಹೊರಟಳು. ವಾರ ಎಂದುಕೊಂಡದ್ದು ಎರಡು ತಿಂಗಳಾಯಿತು. ಎರಡು ತಿಂಗಳು ಅವಳು ಮಂಚದ ಕೆಳಗೆ ಚಾಪೆ ಹಾಸಿ ಮಲಗಿದಳು. ತಂಗಿಯ ಕೈ ದಿನದಿನಕ್ಕೆ ಹಗುರವಾಗುವುದನ್ನು, ಕೊನೆಗೆ ಬಳೆ ಮೊಣಕೈವರೆಗೂ ಜಾರುವುದನ್ನು ನೋಡಿದಳು. ವಾಪಸು ಬರುವಾಗ ಜೊತೆಗೆ ತಂಗಿಯ ಒಂಬತ್ತು ವರ್ಷದ ಮಗಳು ಇದ್ದಳು. ಬಸ್ಸಿನಲ್ಲಿ ಆ ಮಗು ಕೇಳಿದ್ದು ಒಂದೇ ಪ್ರಶ್ನೆ: ದೊಡ್ಡಮ್ಮ, ನಿಮ್ಮ ಮನೇಲಿ ನಾನು ಯಾವ ಕಡೆ ಮಲಗ್ಬೇಕು?

ಮರುದಿನವೇ ಕೆಲಸಕ್ಕೆ ಬಂದಳು. ಮಗುವನ್ನು ಬಿಡಲು ಜಾಗವಿರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಅವಳು ಇಲ್ಲದಾಗ ಫೋರ್ಮನ್ ಟೂಲ್ ರೂಮಿಗೆ ಯಾರನ್ನೂ ಹಾಕಿರಲಿಲ್ಲ, ಬೀಗದ ಕೈಯನ್ನು ಹುಡುಗರಿಗೇ ಕೊಟ್ಟುಬಿಟ್ಟಿದ್ದರು. ಅರ್ಧ ಮೊಳೆಗಳಲ್ಲಿ ಉಪಕರಣವೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಟಾರ್ಕ್ ರೆಂಚು ಮಾತ್ರ ತನ್ನ ಮೊಳೆಯಲ್ಲೇ ಇತ್ತು, ಒರೆಸಿ, ಎಣ್ಣೆ ಸವರಿ. ಕೈಗೆ ತೆಗೆದುಕೊಂಡಾಗ ನೋಡಿದಳು: ಅಂಕಿ ತೊಂಬತ್ತರಲ್ಲೇ ಇದೆ. ಹಿಡಿಕೆ ತಿರುಗದಂತೆ ಸುತ್ತಲೂ ಕಪ್ಪು ಟೇಪು. ಟೇಪಿನ ಅಂಚನ್ನು ಕೂಡ ಉಗುರಿನಿಂದ ಒತ್ತಿ ನೀಟಾಗಿ ಮುಗಿಸಲಾಗಿತ್ತು.

ಸುತ್ತಿದವನು ಕ್ಯಾಪ್ಟನ್. ಬೇರೆ ಯಾರಾದರೂ ಹಿಡಿಕೆ ತಿರುಗಿಸಿ, ಅಂಕಿ ಬದಲಾಗಿ, ತನಗೆ ಗೊತ್ತಾಗದೆ ಹೋದರೆ ಎಂಬ ಹೆದರಿಕೆಗೆ ಸುತ್ತಿದೆ ಎಂದು ಅವನೇ ಹೇಳಿದ. ದಿನಾ ಬೇಕಾಗಿದ್ದದ್ದು ಅದೇ ತೊಂಬತ್ತು. ಅವಳು ಟೇಪು ಕಿತ್ತು, ಹಿಡಿಕೆಯನ್ನು ಸೊನ್ನೆಗೆ ಇಳಿಸುತ್ತ, ದಿನಾ ಇಳಿಸಬೇಕು ಕಣೋ ಎಂದಳು. ಯಾಕೆ ಎಂದು ಹೇಳಲಿಲ್ಲ. ಅವನು ಸಾರಿ ಅಕ್ಕ ಎಂದು, ಮಗುವಿಗೊಂದು ಪೆನ್ಸಿಲು ಕೊಟ್ಟು ಹೋದ.

ಕೆಂಪು ಚೀಟಿಯ ಕಟ್ಟು ಡ್ರಾಯರಿನಲ್ಲಿತ್ತು. ಅವಳು ಡ್ರಾಯರು ಎಳೆದದ್ದೂ ನಿಜ. ಅಷ್ಟರಲ್ಲಿ ಮಗು, ದೊಡ್ಡಮ್ಮ, ಅಮ್ಮನ ಚಪ್ಪಲಿ ಅಲ್ಲೇ ಆಸ್ಪತ್ರೇಲಿ ಬಿಟ್ಟು ಬಂದ್ವಿ ಎಂದಿತು. ಅವಳು ಸ್ವಲ್ಪ ಹೊತ್ತು ಡ್ರಾಯರು ಹಿಡಿದುಕೊಂಡೇ ನಿಂತಳು. ಚೀಟಿ ಕಟ್ಟಿದರೆ ಅರ್ಜಿ ತುಂಬಬೇಕು, ಲ್ಯಾಬಿನ ಕಟ್ಟಡದವರೆಗೆ ನಡೆಯಬೇಕು. ಹದಿನೈದು ದಿನ ಹುಡುಗರ ಕೈ ಕಟ್ಟಿಹಾಕಿದಂತಾಗುತ್ತದೆ. ಅವರ ರೇಸಿಗೆ ಇದ್ದದ್ದು ಆರೇ ವಾರ. ನಾಳೆ ನೋಡೋಣ ಎಂದುಕೊಂಡು ಡ್ರಾಯರು ಮುಚ್ಚಿದಳು. ನಾಳೆ ಮಗುವಿನ ಶಾಲೆಗೆ ಅಲೆಯುವುದಿತ್ತು. ಅದರಾಚೆಗಿನ ನಾಳೆಗಳಲ್ಲಿ ರೆಂಚು ದಿನವೂ ಕಿಟಕಿಯಿಂದ ಹೋಗಿ ಬಂದು ಮಾಡಿತು, ದಿನವೂ ಸೊನ್ನೆಯಲ್ಲೇ ಮಲಗಿತು, ಮತ್ತು ಅವಳಿಗೆ ಅದು ಮರೆತೇಹೋಯಿತು.

ಕಾರನ್ನು ಪರೀಕ್ಷಾ ಕಟ್ಟಡದ ಹಿಂದಿನ ಖಾಲಿ ಪಾರ್ಕಿಂಗ್‌ನಲ್ಲಿ ಓಡಿಸಿ ನೋಡುತ್ತಿದ್ದರು. ಮೂರು ವಾರದ ಹಿಂದೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಏಳನೆಯ ಸುತ್ತಿನ ತಿರುವಿನಲ್ಲಿ ಮುಂದಿನ ಎಡ ಚಕ್ರ ಕಳಚಿಕೊಂಡಿತು. ಚಕ್ರ ತನ್ನ ಪಾಡಿಗೆ ಪುಟಿಯುತ್ತ ಹೋಗಿ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಿತು. ಕಾರು ದೀಪದ ಕಂಬದ ಕಾಂಕ್ರೀಟು ಬುಡಕ್ಕೆ ಹೊಡೆಯಿತು. ಎಡಗಡೆಯ ಪೈಪುಗಳು ಒಳಕ್ಕೆ ಮಡಚಿಕೊಂಡವು. ಇರುವೆಯನ್ನು ಹೊರತೆಗೆಯಲು ಪೈಪು ಕೊಯ್ಯಬೇಕಾಯಿತು. ಕೊಯ್ಯುವ ಯಂತ್ರ ಬೇಕೆಂದು ಕಿಟಕಿಗೆ ಓಡಿ ಬಂದವನು ಕ್ಯಾಪ್ಟನ್. ಅಭ್ಯಾಸಬಲದಿಂದ ಬಿಲ್ಲೆಗೆ ಜೇಬು ತಡಕುತ್ತಿದ್ದ. ಡಾಕ್ಟರುಗಳು ಹುಡುಗಿಯ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ವಿಚಾರಣೆಗೆ ಮೂವರನ್ನು ನೇಮಿಸಿದರು. ಮೊದಲ ದಿನವೇ ಅವರು ಟೂಲ್ ರೂಮಿಗೆ ಬಂದು, ರೆಂಚು ನೋಡಿ, ಅದರ ಮೇಲಿದ್ದ ಲ್ಯಾಬಿನ ಹಳೆಯ ಸ್ಟಿಕ್ಕರಿನ ತಾರೀಖು ಬರೆದುಕೊಂಡು, ಇದು ಸರಿ ಇತ್ತೇನಮ್ಮ ಎಂದು ಕೇಳಿದರು. ಸೊನ್ನೆಯಲ್ಲಿತ್ತು ಸರ್ ಎಂದಳು. ಅವರು ತಲೆ ಆಡಿಸಿ ಹೋದರು. ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯುವಾಗ ಅವಳಿಗೆ ಕಪ್ಪು ಟೇಪು ನೆನಪಾಯಿತು. ಡಬ್ಬಿ ಹಾಗೇ ಮುಚ್ಚಿದಳು.

ತೂಗಿ ನೋಡುವುದಕ್ಕೆ ಬೇಕಾದದ್ದು ಒಂದು ಬಕೆಟ್ಟು, ಒಂದು ಹಗ್ಗ, ಕಾಲು ಗಂಟೆ. ಮುದುಕ ಕಲಿಸಿ ಹೋದ ವಿದ್ಯೆ. ಅವಳು ತೂಗಲಿಲ್ಲ. ತೂಗದಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನುವ ಆ ಒಂದು ಮಾತನ್ನು ಅವಳು ಮೂರು ವಾರ ಬೆಂಕಿಪೊಟ್ಟಣದ ಹಾಗೆ ಒದ್ದೆಯಾಗದಂತೆ ಕಾಪಾಡಿಕೊಂಡಳು.

ಕ್ಯಾಪ್ಟನ್ ಮೊದಲ ವಿಚಾರಣೆಯಲ್ಲಿ, ನಾಲ್ಕೂ ಚಕ್ರದ ಎಲ್ಲಾ ನಟ್ಟುಗಳನ್ನೂ ಟಕ್ ಎನ್ನುವವರೆಗೆ ಬಿಗಿದೆ ಎಂದ. ಅವರು ಉಳಿದ ಮೂರು ಚಕ್ರಗಳ ನಟ್ಟು ತಿರುಗಿಸಿ ನೋಡಿದ್ದರು, ಎಲ್ಲವೂ ಸಡಿಲ, ಎಲ್ಲದರ ಮೇಲೂ ಹಳದಿ ಗೆರೆ. ಬಿಗಿಯದೆ ಗೆರೆ ಎಳೆದಿದ್ದೀಯ ಎಂದರು. ಎರಡನೆಯ ವಿಚಾರಣೆಯಲ್ಲಿ ಅವನು, ಬಿಗಿದೆ ಅಂತ ಅನ್ಕೊಂಡಿದ್ದೀನಿ ಎಂದ. ಜೊತೆಗಾರರು ಅವನು ಬಂದರೆ ಬೆಂಚು ಬಿಟ್ಟು ಏಳತೊಡಗಿದರು. ಆಸ್ಪತ್ರೆಗೆ ಹೋದರೆ ಇರುವೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳಂತೆ.

ಈ ಬೆಳಿಗ್ಗೆ ಅವನ ಅಪ್ಪ ಬಂದಿದ್ದರು. ಕೊನೆಯ ವಿಚಾರಣೆ ಮೂರು ಗಂಟೆಗೆ, ಮೇಲಿನ ಮಹಡಿಯಲ್ಲಿ. ಅವರು ಒಂಬತ್ತಕ್ಕೇ ಬಂದು, ಡ್ಯೂಟಿಯ ಅಂಗಿಯಲ್ಲೇ, ಎಲ್ಲಿ ಕೂರಬೇಕೆಂದು ತಿಳಿಯದೆ ಟೂಲ್ ರೂಮಿನ ಕಿಟಕಿಯ ಮುಂದೆ ನಿಂತಿದ್ದರು. ಮಾತು ಅವರಿಗೆ ಕಷ್ಟ. ನೀವೇನಾ ಬಿಲ್ಲೆ ಅಕ್ಕ, ಮನೇಲಿ ನಿಮ್ಮ ಮಾತು ತುಂಬ ಆಡ್ತಾನೆ ಎಂದರು. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಎರಡೂ ಅಂಗೈ ಇಟ್ಟರು.

"ಇಪ್ಪತ್ತೆಂಟು ವರ್ಷ ಆಯ್ತಮ್ಮ, ಚಕ್ರದ ನಟ್ಟು ಮುಟ್ಟಿ ನೋಡದೆ ಒಂದು ದಿನ ಬಸ್ಸು ಹತ್ತಿಲ್ಲ. ಅವನು ಇಷ್ಟಿದ್ದಾಗಿಂದ ನನ್ನ ಜೊತೆ ಬಂದು ಮುಟ್ಟಿ ನೋಡ್ತಿದ್ದ. ನೀವು ದಿನಾ ನೋಡಿದೋರು. ಹೇಳಿ, ಅವನು ಬಿಗೀದೆ ಬಿಗಿದೆ ಅನ್ನೋ ಹುಡುಗನಾ?"

"ಗೊತ್ತಿಲ್ಲ" ಎಂದಳು.

ಅವರು ತಲೆ ಆಡಿಸಿದರು, ವಿಚಾರಣೆಯವರು ಆಡಿಸಿದ ಹಾಗೆಯೇ. ಹೋಗಿ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂತರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಒಂದೂವರೆಗೆ ವರ್ಕ್‌ಶಾಪು ಖಾಲಿಯಾದ ಕೂಡಲೆ ಅವಳು ಬಕೆಟ್ಟು ತೆಗೆದುಕೊಂಡಳು.

ಈಗ ಎರಡೂವರೆ. ಫೋರ್ಮನ್ ಹಲ್ಲು ಕಡ್ಡಿ ಕಚ್ಚಿಕೊಂಡು ಒಳಗೆ ಬಂದವರು ವೈಸು, ಹಗ್ಗ, ತಕ್ಕಡಿ ನೋಡಿ ಕಡ್ಡಿಯನ್ನು ಬಾಯಿಂದ ತೆಗೆದರು. ಎಷ್ಟಕ್ಕೆ ಎಂದು ಕೇಳಿದರು. ಹೇಳಿದಳು. ಅವರು ಬಾಗಿಲು ಮುಂದೆ ಮಾಡಿ, ಮಗು ಕೂರುತ್ತಿದ್ದ ಸ್ಟೂಲನ್ನು ಎಳೆದುಕೊಂಡು ಕೂತರು.

ಅವರು ಕೆಟ್ಟವರಲ್ಲ. ತಂಗಿ ಸತ್ತ ದಿನ ರಜೆಯ ಕಾಗದವನ್ನು ಅವರೇ ಬರೆದು ಅವಳ ಪರವಾಗಿ ಕೊಟ್ಟಿದ್ದರು. ಮಗುವಿಗೆ ವರ್ಷದ ನಡುವೆ ಶಾಲೆಯಲ್ಲಿ ಜಾಗ ಕೊಡಿಸಲು ನಾಲ್ಕು ಸಲ ಅಲೆದಿದ್ದರು. ಈಗಲೂ ಅವರ ದನಿ ಮೆತ್ತಗಿತ್ತು. ತೂಗಿದ್ದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಮೊದಲು ಖಚಿತ ಮಾಡಿಕೊಂಡರು. ಆಮೇಲೆ ಒಳ್ಳೆಯ ಸುದ್ದಿಯ ಹಾಗೆ ಹೇಳಿದರು.

"ಹುಡುಗ ಇವತ್ತು ಬರ್ಕೊಡ್ತಾನಂತೆ. ಬಿಗಿಯೋದು ಮರೆತೆ, ಮರೆತಿದ್ದನ್ನ ಮುಚ್ಚಿಟ್ಟೆ ಅಂತ. ಬರ್ಕೊಟ್ರೆ ಒಂದು ವರ್ಷ ಹೊರಗಿಟ್ಟು ಮತ್ತೆ ಸೇರಿಸ್ಕೊಳ್ತಾರೆ, ಮಾತಾಗಿದೆ. ಅವನಿಗೇ ಈಗ ಅನುಮಾನವಂತೆ, ಟಕ್ ಅಂತ ಕೇಳಿದ್ದು ನಿಜಾನೋ, ಕೇಳಿದೆ ಅಂತ ಅನ್ಕೊಂಡಿದ್ದೋ ಅಂತ."

ಅವಳು ರೆಂಚಿನ ಕಡೆ ನೋಡಿದಳು.

"ಕೇಳಿದ್ದು ನಿಜ ಅಣ್ಣ."

"ನಿಜ ಇರಬಹುದು. ಅದರಿಂದ ಏನಾಗುತ್ತೆ ಹೇಳು. ಟೇಪು ಸುತ್ತಿದ್ದು ಯಾರು? ಅವನೇ. ನೀನು ಬಾಯಿ ಬಿಟ್ಟರೆ ಅದೂ ಹೊರಗೆ ಬರುತ್ತೆ. ನೀನೂ ಮುಳುಗ್ತೀಯ, ಅವನೂ ತೇಲಲ್ಲ."

ಅದನ್ನು ಅವಳು ಯೋಚಿಸದೆ ಇರಲಿಲ್ಲ. ಬಕೆಟ್ಟಿಗೆ ತುಂಡು ಹಾಕುವಾಗಲೆಲ್ಲ ಯೋಚಿಸಿದ್ದಳು. ಈಗ ಆ ಹುಡುಗ ಮಾಡದ ತಪ್ಪಿಗೆ ತಲೆ ತಗ್ಗಿಸಿದ್ದಾನೆ. ಅವಳು ಹೇಳಿದರೆ ಮಾಡಿದ್ದಕ್ಕೆ ತಗ್ಗಿಸಬೇಕಾಗುತ್ತದೆ. ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಹೆದರಿ, ಉಗುರಿನಿಂದ ಅಂಚು ಒತ್ತಿ ಸುತ್ತಿದ ಟೇಪೇ ಇರುವೆಯ ಕಾಲು ತೆಗೆಯಿತು ಎಂಬುದನ್ನು ಅವನು ಇನ್ನು ಐವತ್ತು ವರ್ಷ ಹೊರಬೇಕಾಗುತ್ತದೆ. ಯಾವುದು ಹಗುರ ಎಂದು ತೂಗಿ ನೋಡಲು ಅವಳ ಹತ್ತಿರ ತಕ್ಕಡಿ ಇರಲಿಲ್ಲ.

"ಟೇಪು ಸುತ್ತಿದ್ರೆ ಏನಾಗುತ್ತೆ ಅಂತ ಅವನಿಗೆ ಗೊತ್ತಿರ್ಲಿಲ್ಲ" ಎಂದಳು. "ನಂಗೆ ಗೊತ್ತಿತ್ತು. ಡ್ರಾಯರು ಎಳೆದು ಮುಚ್ಚಿದೋಳು ನಾನು."

ಫೋರ್ಮನ್ ನಿಟ್ಟುಸಿರು ಬಿಟ್ಟರು. ಅವಳು ಮೊದಲ ದಿನ ಕೊಟ್ಟ ಹೇಳಿಕೆ ಕಾಗದದ ಮೇಲಿದೆ ಎಂದರು. ಈಗ ಬದಲಾಯಿಸಿದರೆ ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಹುಡುಗಿಯ ಮನೆಯವರು ಅವಳ ಮೇಲೆ ಕೇಸು ಹಾಕುತ್ತಾರೆ ಎಂದರು. ಆ ಮಗು ಒಂದು ಮನೆ ಕಳೆದುಕೊಂಡು ಬಂದಿದೆ, ಇನ್ನೊಂದನ್ನೂ ಕಳೆದುಕೊಳ್ಳಬೇಕೇ ಎಂದು ಕೇಳಿದರು. ಒಂದೊಂದು ಮಾತೂ ನಿಜವಾಗಿತ್ತು. ಕಾಲು ಮತ್ತೆ ಬರುತ್ತದೆಯೇ ಎಂದರು. ಬರುವುದಿಲ್ಲ ಎಂದು ಅವಳೂ ಒಪ್ಪಿದಳು.

ಅವಳು ಎದ್ದು ಹಗ್ಗ ಬಿಚ್ಚಿದಳು. ಕಬ್ಬಿಣದ ತುಂಡುಗಳನ್ನು ಅವುಗಳ ಪೆಟ್ಟಿಗೆಗೆ ಹಾಕಿದಳು. ವೈಸ್‌ನ ದವಡೆ ಸಡಿಲಿಸಿ ಬೋಲ್ಟು ತೆಗೆದಳು. ಫೋರ್ಮನ್‌ಗೆ ಸಮಾಧಾನವಾದಂತೆ ಕಂಡಿತು; ಜಾಣೆ, ನಿನಗೆ ಹೇಳಿಕೊಡಬೇಕೇ ಎಂದರು. ಬೀಗದ ಕೈಯನ್ನು ಸೊಂಟದಿಂದ ತೆಗೆದು ಅವಳು ಕಟ್ಟೆಯ ಮೇಲೆ, ಅವರ ಕೈಗೆಟುಕುವಲ್ಲಿ ಇಟ್ಟಳು. ಅದು ಯಾಕೆ ಎಂದು ಅವರಿಗೆ ತಕ್ಷಣ ಹೊಳೆಯಲಿಲ್ಲ.

ಕಿಟಕಿಯಾಚೆ ಬಸ್ ಡ್ರೈವರು ಬೆಂಚಿನಿಂದ ಎದ್ದು ನಿಂತಿದ್ದರು. ಮಗ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕಾಗದ. ಅಪ್ಪ ಅವನ ಕಾಲರು ಸರಿ ಮಾಡಲು ಹೋದರು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮಗು ನಾಲ್ಕು ಗಂಟೆಗೆ ಶಾಲೆಯಿಂದ ಬರುತ್ತೆ" ಎಂದಳು. "ನಾನು ತಡ ಆದ್ರೆ ಸ್ವಲ್ಪ ಕೂರಿಸ್ಕೊಂಡಿರಿ."

"ಎಲ್ಲಿಗೆ? ಏ, ನಿಂತ್ಕೋ. ರೆಂಚು ಯಾಕೆ? ಅದನ್ನ ಇಲ್ಲಿಡು ತಂಗಿ. ನನ್ನ ಮುಖ ಆದ್ರೂ ನೋಡು. ಬೀಗದ ಕೈ ಹುಡುಗರಿಗೆ ಕೊಟ್ಟೋನು ಯಾರು ಅಂತ ಕೇಳಲ್ವಾ ಅವರು? ನಂಗೆ ಉಳಿದಿರೋದು ಎಂಟೇ ತಿಂಗಳು ಕಣಮ್ಮ. ಮೂವತ್ತಾರು ವರ್ಷ ಮಾಡಿದ್ದೀನಿ, ಇನ್ನೆಂಟು ತಿಂಗಳು. ಅಲ್ಲೀವರೆಗಾದ್ರೂ ಸುಮ್ನಿದ್ರೆ, ಆಮೇಲೆ ನಾನೇ ನಿನ್ನ ಜೊತೆ ಬಂದು..."

ಅವಳು ಲೇತ್‌ಗಳ ನಡುವಿನ ಹಾದಿಯನ್ನು ಆಗಲೇ ದಾಟಿದ್ದಳು. ರೆಂಚನ್ನು ಎರಡೂ ಕೈಯಲ್ಲಿ ಎದೆಗೆ ಅಡ್ಡವಾಗಿ ಹಿಡಿದು, ಮೆಟ್ಟಿಲು ಹತ್ತತೊಡಗಿದ ಅಪ್ಪ ಮಗನ ಹಿಂದೆ ನಡೆದಳು.